ಎರಡನೇ ಚರಣಕ್ಕೇ ಸಭೆ ಸುಮ್ಮನಾಯಿತು: ಹಳೇ ಗೀತೆ, ಹೊಸ ಹಾಡು ಒಟ್ಟಿಗೆ ಹಾಡೋದು ಹೇಗೆ?

ಬಿಳಿ ಕಪ್ಪು ಕೀ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಚರ್ಚಿನಲ್ಲಿ ಭಾನುವಾರ ಎರಡು ಆರಾಧನೆ ಇದ್ದವು. ಮೊದಲನೆಯದು ಆರ್ಗನ್, ಗೀತೆ ಪುಸ್ತಕ, ಕ್ವಾಯರ್. ಎರಡನೆಯದು ನಮ್ಮದು: ಡ್ರಮ್ಸ್, ಬೇಸ್, ಗಿಟಾರ್, ನನ್ನ ಕೀಬೋರ್ಡ್, ಹಾಡೋಕೆ ಮೂವರು. ಎರಡು ಕಡೆಯೂ ಜನ ಕಡಿಮೆಯಾದರು ಅಂತ ಎರಡು ತಿಂಗಳ ಹಿಂದೆ ಸೇರಿಸಿ ಒಂದೇ ಮಾಡಿದರು. ಹಾಡು ಆರಿಸುವ ಕೆಲಸ ನನ್ನ ತಲೆಗೆ ಬಂತು. ಪಾಸ್ಟರ್ ಹೇಳಿದ್ದು ಇಷ್ಟೇ: "ಹಳೆಯದೂ ಇರಲಿ, ಹೊಸದೂ ಇರಲಿ, ಎಲ್ಲರಿಗೂ ಸಮಾಧಾನ ಆಗೋ ಹಾಗೆ ಮಾಡಮ್ಮ."

ಕಳೆದ ಭಾನುವಾರ ಎಲ್ಲರಿಗೂ ಬಾಯಿಪಾಠ ಇರುವ ಒಂದು ಹಳೇ ಗೀತೆ ತೆಗೆದುಕೊಂಡೆವು. ನಮಗೆ ಇಷ್ಟವಾದ ಒಂದು ರೆಕಾರ್ಡಿಂಗ್ ಇತ್ತು, ಅದರ ಹಾಗೇ ಮಾಡಿದೆವು. ಮೂರು ಬೀಟಿನದನ್ನು ನಾಲ್ಕಕ್ಕೆ ತಂದೆವು, ಚರಣಗಳ ನಡುವೆ ಗಿಟಾರ್ ಬಿಟ್ಟೆವು, ಕೊನೆಗೊಂದು ಹೊಸ ಬ್ರಿಡ್ಜ್ (ಚರಣ, ಕೋರಸ್ ಎರಡೂ ಅಲ್ಲದ ಬೇರೆ ರಾಗದ ತುಣುಕು). ಪ್ರಾಕ್ಟೀಸಿನಲ್ಲಿ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ನಾವೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆವು.

ಭಾನುವಾರ ಮೊದಲ ಚರಣದಲ್ಲಿ ಜನ ತಡವರಿಸಿದರು. ಎರಡನೆಯದರಲ್ಲಿ ಹಾಡುತ್ತಿದ್ದದ್ದು ನಾವು ಮೂವರೇ. ಮೂರನೇ ಸಾಲಿನ ಒಬ್ಬ ಅಜ್ಜಿ ಗೀತೆ ಪುಸ್ತಕ ಮುಚ್ಚಿದರು. ಟಪ್ ಅಂತ ಸದ್ದು ಬಂತು. ಅಷ್ಟು ಬ್ಯಾಂಡಿನ ಮಧ್ಯೆ ಅದು ಕೇಳಿಸಲು ಸಾಧ್ಯವೇ ಇಲ್ಲ, ಆದರೂ ನನಗೆ ಕೇಳಿಸಿತು. ಅವರ ಪಕ್ಕದಲ್ಲೇ ಮೊದಲು ಆರ್ಗನ್ ನುಡಿಸುತ್ತಿದ್ದ ಅಂಕಲ್ ಕೂತಿದ್ದರು, ಕೈ ಕಟ್ಟಿಕೊಂಡು.

ಇದು ಬರೀ ಅಭ್ಯಾಸದ ಪ್ರಶ್ನೆಯಾ, ಕೆಲವು ವಾರ ಹೋದರೆ ಸರಿಹೋಗುತ್ತಾ? ಅಥವಾ ನಾವು ಏನೋ ತಪ್ಪು ಮಾಡುತ್ತಿದ್ದೇವಾ?

ಕೊನೇ ಬೆಂಚು

ತಂಗೀ, ಆ ಅಜ್ಜಿಯ ಪರವಾಗಿ ನಾನು ಉತ್ತರ ಕೊಡುತ್ತೇನೆ. ಬೇರೆ ಚರ್ಚಿನಲ್ಲಿ ನಾನೂ ಪುಸ್ತಕ ಮುಚ್ಚಿದವನು.

ನನಗೆ ಡ್ರಮ್ಸ್ ಮೇಲೆ ಕೋಪ ಇಲ್ಲ. ನಂಬಿ. ನನ್ನ ಸಮಸ್ಯೆ ಏನೆಂದರೆ ಎಲ್ಲಿ ಶುರು ಮಾಡಬೇಕು ಅಂತ ಗೊತ್ತಾಗೋದಿಲ್ಲ. ಆರ್ಗನ್ ಇದ್ದಾಗ ಗೀತೆಯ ಕೊನೇ ಸಾಲನ್ನು ಒಂದು ಸಲ ನುಡಿಸುತ್ತಿದ್ದರು, ನಿಲ್ಲಿಸುತ್ತಿದ್ದರು, ಇಡೀ ಸಭೆ ಒಟ್ಟಿಗೆ ಉಸಿರು ತಗೊಂಡು ಎದ್ದೇಳುತ್ತಿತ್ತು. ಈಗ ಗಿಟಾರ್ ಝಣ ಝಣ ಅಂತ ಎಂಟು ಬಾರ್ (ತಾಳದ ಎಂಟು ಸುತ್ತು) ಹೋಗುತ್ತೆ. ಈಗಲಾ? ಇನ್ನೂ ಇಲ್ವಾ? ಪಕ್ಕದವರ ಮುಖ ನೋಡುತ್ತೇವೆ, ಅವರು ನಮ್ಮ ಮುಖ ನೋಡುತ್ತಾರೆ. ಮುಂದೆ ನಿಂತ ಹುಡುಗ ಕಣ್ಣು ಮುಚ್ಚಿಕೊಂಡಿರುತ್ತಾನೆ. ಒಂದು ಸಲ ನಾನು ಜೋರಾಗಿ ಮೊದಲೇ ಶುರು ಮಾಡಿಬಿಟ್ಟೆ, ಒಬ್ಬನೇ. ಮುಂದಿನ ಸಾಲಿನ ಮಗು ತಿರುಗಿ ನೋಡಿ ನಕ್ಕಿತು. ಆಮೇಲಿಂದ ನಾನು ಕಾಯುತ್ತೇನೆ. ಕಾದು ಕಾದು ಅರ್ಧ ಸಾಲು ಹೋಗಿರುತ್ತೆ, ಸರಿ ಬಿಡು ಅಂತ ಸುಮ್ನಾಗುತ್ತೇನೆ.

ಅರವತ್ತು ವರ್ಷ ಹಾಡಿದ ಗೀತೆಯನ್ನೇ ಹಾಡೋಕೆ ಗೊತ್ತಿಲ್ಲದವನ ಹಾಗೆ ನಿಂತುಕೊಳ್ಳುವುದು ಇದೆಯಲ್ಲ, ಅದು ಅವಮಾನ. ಬೇಜಾರು ಅಲ್ಲ, ಅವಮಾನ.

ನಾಲ್ಕು ತಂತಿ

ಬೇಸ್ ನುಡಿಸುವವನ ಮಾತು ಯಾರೂ ಕೇಳಲ್ಲ, ಆದರೂ ಹೇಳುತ್ತೇನೆ 😄

ಸಿಸ್ಟರ್, ಮೂರನ್ನು ನಾಲ್ಕು ಮಾಡಿದ್ದೇ ಮೊದಲ ಪೆಟ್ಟು. ನೀವು ಕಾಗದದಲ್ಲಿ ಒಂದು ಬೀಟ್ ಸೇರಿಸಿದಿರಿ. ಸಭೆಗೆ ಆ ಗೀತೆ ಕಾಗದದಲ್ಲಿಲ್ಲ, ನಾಲಿಗೆಯಲ್ಲಿದೆ. ಒಂದು-ಎರಡು-ಮೂರು ಅಂತ ತೂಗುವ ಹಾಡಿಗೆ ನಾಲ್ಕನೇ ಬೀಟ್ ಬಂದರೆ ಪ್ರತಿ ಬಾರಿನ ಕೊನೆಯಲ್ಲೂ ಅವರು ಒಂದು ಬೀಟ್ ಮುಂಚೆ ಬರುತ್ತಾರೆ. ನಿಮ್ಮ ಮೈಕು ಅವರನ್ನು ಹಿಂದಕ್ಕೆ ಎಳೆಯುತ್ತೆ. ಸಾಲಿಗೆ ನಾಲ್ಕು ಸಲ ಹೀಗೆ ಎಡವಿದರೆ ಯಾರು ಹಾಡುತ್ತಾರೆ ಹೇಳಿ. ಡ್ರಮ್ಮರ್‌ಗೆ ಮೂರು ಬೀಟ್ ನುಡಿಸೋಕೆ ಬರಲ್ಲ ಅನ್ನೋದೇ ಕಾರಣವಾದರೆ (ನಮ್ಮಲ್ಲಿ ಅದೇ ಆಗಿತ್ತು, ಒಪ್ಪಿಕೊಳ್ಳೋಕೆ ಆರು ತಿಂಗಳು ಬೇಕಾಯಿತು) ಅವನಿಗೆ ಕೋಲಿನ ಬದಲು ಮೆತ್ತಗೆ ನುಡಿಸುವ ಬ್ರಷ್ ಕೊಟ್ಟು ಮನೆಪಾಠ ಕೊಡಿ.

ಇನ್ನೊಂದು. ಗೀತೆ ಪುಸ್ತಕದಲ್ಲಿ ಹೆಚ್ಚು ಕಡಿಮೆ ಪ್ರತಿ ಬೀಟಿಗೂ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗುತ್ತೆ. ಅದು ನಾಲ್ಕು ಧ್ವನಿಗಳಿಗೆ ಬರೆದದ್ದು, ಗಿಟಾರಿಗಲ್ಲ. ಗಿಟಾರಿನವರು ಅಷ್ಟನ್ನೂ ಹಿಡಿಯೋಕೆ ಹೋದರೆ ಬೆರಳು ಮುರಿಯುತ್ತೆ, ಹಾಡು ಕುಂಟುತ್ತೆ. ಬಾರಿಗೆ ಒಂದೋ ಎರಡೋ ಕಾರ್ಡಿಗೆ ಇಳಿಸಿ. ಆದರೆ ಬೇಸ್ ಮಾತ್ರ ಪುಸ್ತಕದ ಕೆಳಗಿನ ಸಾಲನ್ನು ಹಾಗೇ ನುಡಿಸಲಿ. ಗೀತೆಯ ನಡಿಗೆ ಅಲ್ಲೇ ಇರೋದು. ಮೇಲೆ ರಾಗ ಹಾಗೇ, ಕೆಳಗೆ ಬೇಸ್ ಹಾಗೇ, ನಡುವೆ ನೀವು ಏನು ಬೇಕಾದರೂ ಮಾಡಿಕೊಳ್ಳಿ, ಯಾರೂ ಪುಸ್ತಕ ಮುಚ್ಚೋದಿಲ್ಲ.

ಪುಸ್ತಕದಲ್ಲಿ ಇ ಫ್ಲಾಟ್ ಶ್ರುತಿ ನೋಡಿ ಗಿಟಾರಿನವರು ಹೆದರುತ್ತಾರೆ. ಒಂದನೇ ಫ್ರೆಟ್ಟಿಗೆ ಕ್ಯಾಪೋ (ತಂತಿಗಳನ್ನು ಒತ್ತಿ ಶ್ರುತಿ ಏರಿಸುವ ಕ್ಲಿಪ್ಪು) ಹಾಕಿ ಡಿ ಹಿಡಿಯಲಿ, ಅಥವಾ ಮೂರಕ್ಕೆ ಹಾಕಿ ಸಿ. ಮುಗೀತು.

ಹಳೇ ಪುಸ್ತಕದ ಹುಳ

ಒಳ್ಳೇ ಚರ್ಚೆ. ಆದರೆ "ಮೂಲ ಹಾಗೇ ಇರಲಿ" ಅನ್ನುವವರಿಗೆ ಒಂದು ಪ್ರಶ್ನೆ: ಯಾವ ಮೂಲ?

ಅಮೇಜಿಂಗ್ ಗ್ರೇಸ್ ತಗೊಳ್ಳಿ. ಜಾನ್ ನ್ಯೂಟನ್ ಬರೆದ ಸಾಲುಗಳು ಅಚ್ಚಾಗಿದ್ದು 1779ರಲ್ಲಿ. ನಾವೆಲ್ಲ ಹಾಡುವ ರಾಗ ಅದಕ್ಕೆ ಸೇರಿದ್ದು 1835ರಲ್ಲಿ, ಅಮೆರಿಕದಲ್ಲಿ. ನಡುವೆ 56 ವರ್ಷ. ನ್ಯೂಟನ್ ಅಷ್ಟರಲ್ಲಿ ತೀರಿಹೋಗಿದ್ದರು, ಆ ಜೋಡಿಯನ್ನು ಅವರು ಕೇಳಲೇ ಇಲ್ಲ. ಹೆಚ್ಚಿನವರು ಹಾಡುವ ಕೊನೇ ಚರಣ ಅವರದ್ದೇ ಅಲ್ಲ. 2006ರಲ್ಲಿ ಈ ಕಾಲದ ಗಾಯಕ ಕ್ರಿಸ್ ಟಾಮ್ಲಿನ್ ಅದಕ್ಕೆ ಹೊಸ ಪಲ್ಲವಿ ಸೇರಿಸಿದಾಗ ಅಯ್ಯೋ ಕೆಡಿಸಿಬಿಟ್ಟರು ಅಂದವರು ಬಹಳ. ಆದರೆ ಪಲ್ಲವಿ ಸೇರಿಸುವುದು ಹಳೇ ಚಾಳಿ. ಐಸಾಕ್ ವಾಟ್ಸ್ 1707ರಲ್ಲಿ ಅಚ್ಚು ಮಾಡಿಸಿದ ಗೀತೆಗೆ ರಾಲ್ಫ್ ಹಡ್ಸನ್ 1885ರಲ್ಲಿ ಪಲ್ಲವಿ ಜೋಡಿಸಿದರು. ಈಗ ಆ ಪಲ್ಲವಿ ಇಲ್ಲದೆ ಹಾಡಿದರೆ ಹಿರಿಯರೇ ಗಲಾಟೆ ಮಾಡುತ್ತಾರೆ.

ವಾಟ್ಸ್ ಕಾಲದಲ್ಲಿ ಅವರದ್ದೇ ವಿವಾದ. ಬೈಬಲಿನ ಕೀರ್ತನೆಗಳನ್ನು ಬಿಟ್ಟು ಮನುಷ್ಯರು ಬರೆದದ್ದನ್ನು ಆರಾಧನೆಯಲ್ಲಿ ಹಾಡೋದಾ ಅಂತ. ಇವತ್ತಿಗೂ ಕೀರ್ತನೆಗಳನ್ನು ಮಾತ್ರ ಹಾಡುವ ಸಭೆಗಳಿವೆ. ಕ್ಯಾಥೊಲಿಕ್ ಕಡೆ 1903ರಲ್ಲಿ ಪೋಪ್ ಹತ್ತನೇ ಪಯಸ್ ಚರ್ಚಿನಲ್ಲಿ ಪಿಯಾನೋ ಬಾರದು ಅಂದರು. ಡ್ರಮ್ಸ್ ಅಲ್ಲ ಸ್ವಾಮಿ, ಪಿಯಾನೋ! (ಡ್ರಮ್ಸ್ ಕೂಡ, ಅದೇ ಪಟ್ಟಿಯಲ್ಲಿತ್ತು.)

ಇನ್ನು "ಹಳೆಯದು ಅಂದರೆ ನಿಧಾನ" ಅನ್ನೋದೂ ಅರ್ಧ ಸತ್ಯ. ಚರ್ಚ್ ಸುಧಾರಕ ಮಾರ್ಟಿನ್ ಲೂಥರ್ 1529ರ ಆಸುಪಾಸಿನಲ್ಲಿ ಮಾಡಿದ ಅತಿ ಪ್ರಸಿದ್ಧ ಗೀತೆಯ ಮೊದಲ ರೂಪದಲ್ಲಿ ಉದ್ದ, ಗಿಡ್ಡ ಸ್ವರಗಳು ಕುಣಿಯುತ್ತವೆ. ಎಲ್ಲ ಸ್ವರವನ್ನೂ ಸಮ ಮಾಡಿ ಗಂಭೀರವಾಗಿ ನಡೆಸಿದ್ದು ಆಮೇಲಿನವರು.

ಹೊಸ ಚರ್ಮದ ಚೀಲ

ಸರಿಯಾಗಿ ಹೇಳಿದಿರಿ. ಲೂಥರ್ ಹೆಂಡದಂಗಡಿ ಹಾಡುಗಳ ರಾಗವನ್ನೇ ಚರ್ಚಿಗೆ ತಂದರಂತೆ. ಹಾಗಿದ್ದ ಮೇಲೆ ನಾವು ಎಲೆಕ್ಟ್ರಿಕ್ ಗಿಟಾರ್ ತಂದರೆ ಏನು ತಪ್ಪು?

ಹಳೇ ಪುಸ್ತಕದ ಹುಳ

ಬ್ರದರ್, ಅದು ಸುಳ್ಳು ಕಥೆ. ಅವರ ಹಲವು ರಾಗಗಳು ಮೊದಲೆರಡು ಭಾಗ ಒಂದೇ, ಮೂರನೆಯದು ಬೇರೆ ಅನ್ನುವ ಅಚ್ಚಿನಲ್ಲಿವೆ. ಆ ಅಚ್ಚಿಗೆ ಸಂಗೀತದವರು ಬಾರ್ ಫಾರ್ಮ್ ಅನ್ನುತ್ತಾರೆ. ಯಾರೋ ಅದನ್ನು ಕುಡಿಯೋ ಬಾರ್ ಅಂದುಕೊಂಡರು ಅಂತ ಕಾಣುತ್ತೆ. ಎಲೆಕ್ಟ್ರಿಕ್ ಗಿಟಾರಿಗೆ ಬೇರೆ ವಕೀಲರನ್ನು ಹುಡುಕಿ 😀

ಕೊನೇ ಬೆಂಚು

ಹುಳ ಸರ್, ನಿಮ್ಮ ಇತಿಹಾಸ ಓದಿ ಖುಷಿಯಾಯಿತು. ಆದರೆ ಒಂದು ಮಾತು ನೇರವಾಗಿ ಹೇಳಲಾ? "ವಾಟ್ಸ್ ಕೂಡ ಒಂದು ಕಾಲಕ್ಕೆ ಹೊಸಬರೇ" ಅನ್ನೋದನ್ನು ನಮ್ಮಂಥವರ ಬಾಯಿ ಮುಚ್ಚಿಸೋಕೆ ಬಳಸುತ್ತಾರೆ. ಕಮಿಟಿಯಲ್ಲಿ ಯಾರಾದರೂ ಹಿರಿಯರು ಎದ್ದು "ನಮಗೆ ಹಾಡೋಕೆ ಆಗ್ತಿಲ್ಲ" ಅಂದ ಕೂಡಲೇ ಒಬ್ಬರು ಇದೇ ಕಥೆ ತೆಗೆಯುತ್ತಾರೆ. ನಾವು ಹೇಳಿದ್ದು ಹೊಸದು ಬೇಡ ಅಂತಲ್ಲ. ಹಾಡೋಕೆ ಆಗ್ತಿಲ್ಲ ಅಂತ.

ಮತ್ತೆ ನೀವೇ ಹೇಳಿದ ಲೆಕ್ಕ ನೋಡಿ. ಆ ರಾಗ ಆ ಪದಗಳಿಗೆ ಸೇರೋಕೆ 56 ವರ್ಷ. ನಮಗೆ ಸಿಗೋದು ಶನಿವಾರ ಸಂಜೆ ಪ್ರಾಕ್ಟೀಸ್, ಭಾನುವಾರ ಬೆಳಿಗ್ಗೆ ಆಶ್ಚರ್ಯ.

ಹಳೇ ಪುಸ್ತಕದ ಹುಳ

ಒಪ್ಪಿದೆ. ಆ ಪೆಟ್ಟು ನನಗೆ ಸರಿಯಾಗೇ ಬಿತ್ತು.

ಆಗಿನವರಿಗೆ ಇನ್ನೊಂದು ಅನುಕೂಲವೂ ಇತ್ತು. ಗೀತೆಗಳಿಗೆ ಅಳತೆ ಇತ್ತು. ಪುಸ್ತಕದಲ್ಲಿ ರಾಗದ ಹೆಸರಿನ ಪಕ್ಕ 8.6.8.6 ಅಂತ ನೋಡಿರುತ್ತೀರಿ. ಸಾಲಿಗೆ ಎಷ್ಟು ಅಕ್ಷರದ ಉಚ್ಚಾರ ಅನ್ನೋ ಲೆಕ್ಕ ಅದು. ಅದೇ ಅಳತೆಯ ಯಾವ ಪದ್ಯವನ್ನಾದರೂ ಅದೇ ಅಳತೆಯ ಯಾವ ರಾಗದಲ್ಲಾದರೂ ಹಾಡಬಹುದು. ಹೊಸ ಪದ ಬಂದರೆ ಗೊತ್ತಿರುವ ರಾಗ, ಹೊಸ ರಾಗ ಬಂದರೆ ಗೊತ್ತಿರುವ ಪದ. ಎರಡೂ ಹೊಸದನ್ನು ಒಂದೇ ದಿನ ಜನರ ಮೇಲೆ ಹಾಕಬೇಕಾಗಿರಲಿಲ್ಲ. ಬೆರೆಸೋಕೆ ಇದು ಇವತ್ತಿಗೂ ಒಳ್ಳೇ ದಾರಿ. ಅನುವಾದದ ಗೀತೆಗಳಲ್ಲಿ ಮಾತ್ರ ಹುಷಾರು. ಲೆಕ್ಕ ಸರಿ ಇದ್ದರೂ ಒತ್ತು ತಪ್ಪು ಜಾಗಕ್ಕೆ ಬೀಳುತ್ತೆ, ದೇವರ ಹೆಸರನ್ನೇ ಮಧ್ಯಕ್ಕೆ ಮುರಿದು ಹಾಡಬೇಕಾಗುತ್ತೆ.

ಎರಡನೇ ಸಾಲಿನ ಆಲ್ಟೋ

ಶ್ರುತಿಯ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ? ಕ್ವಾಯರಿನಲ್ಲಿ 22 ವರ್ಷ ಆಲ್ಟೋ (ಹೆಂಗಸರ ತಗ್ಗು ದನಿ) ಹಾಡಿದವಳು ನಾನು, ಕೇಳಿ.

ರೆಕಾರ್ಡಿಂಗುಗಳನ್ನು ಹೆಚ್ಚಾಗಿ ಎತ್ತರದ ದನಿಯ ಗಂಡಸರು ಹಾಡಿರುತ್ತಾರೆ. ಅವರಿಗೆ ಅದು ಮೆರೆಯುವ ಶ್ರುತಿ. ಅದನ್ನೇ ಭಾನುವಾರ ಇಟ್ಟರೆ ಮಾಮೂಲಿ ಗಂಡಸರಿಗೆ ಮೇಲೆ ಹೋಗೋಕೆ ಆಗಲ್ಲ, ಕೆಳಗಿನ ಸ್ಥಾಯಿಗೆ ಹೋದರೆ ಗೊಣಗಿದ ಹಾಗಾಗುತ್ತೆ. ಹೆಂಗಸರಿಗೆ ಚರಣ ತೀರಾ ಕೆಳಗೆ, ಕೋರಸ್ ತೀರಾ ಮೇಲೆ. ಸಾಮಾನ್ಯ ಸಭೆಗೆ ಮಿಡಲ್ ಸಿ ಕೆಳಗಿನ ಬಿ ಫ್ಲಾಟ್‌ನಿಂದ ಮೇಲಿನ ಡಿ ತನಕ ಇದ್ದರೆ ಎಲ್ಲರೂ ಆರಾಮ, ಗಂಡಸರು ಒಂದು ಸ್ಥಾಯಿ ಕೆಳಗೆ. ಆಗೊಂದು ಈಗೊಂದು ಇ ಫ್ಲಾಟ್ ಬಂದರೆ ಪರವಾಗಿಲ್ಲ, ಅದೂ ಬೆಳಗಿನ ಹೊತ್ತು ಗಂಟಲು ಎದ್ದ ಮೇಲೆ. ಮೊದಲ ಹಾಡಿಗೇ ಬೇಡ.

ಆಮೇಲೆ ನನ್ನ ಸ್ವಂತ ದುಃಖ. ನಾಲ್ಕು ಧ್ವನಿಯ ಗೀತೆಯಲ್ಲಿ ನನಗೊಂದು ಜಾಗ ಇತ್ತು. ಸೊಪ್ರಾನೋದವರು ಮೇಲೆ ಹೋದಾಗ ನಾವು ಕೆಳಗೆ ಎರಡೇ ಎರಡು ಸ್ವರದಲ್ಲಿ ತಿರುಗಾಡುತ್ತಿದ್ದೆವು. ಕೇಳೋಕೆ ಏನೂ ಇಲ್ಲ ಅನ್ನಿಸುತ್ತೆ, ನಿಲ್ಲಿಸಿದರೆ ಗೊತ್ತಾಗುತ್ತೆ. ಬ್ಯಾಂಡ್ ಬಂದ ಮೇಲೆ ಎಲ್ಲರೂ ಒಂದೇ ರಾಗ. ನನ್ನ ಪಕ್ಕದ ಬೆಂಚಿನಲ್ಲಿ ಬೇಸ್ (ಗಂಡಸರ ತಗ್ಗು ದನಿ) ಹಾಡುವ ಒಬ್ಬರು ಹಿರಿಯರಿದ್ದರು. ಒಂದು ದಿನ ನನ್ನ ಕಡೆ ಬಗ್ಗಿ "ನಾನು ಏನು ಹಾಡಲಮ್ಮಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ಚರಣ, ಒಂದೇ ಒಂದು ಚರಣ, ಎಲ್ಲ ವಾದ್ಯ ನಿಲ್ಲಿಸಿ ನೋಡಿ. ಧ್ವನಿಗಳು ತಾವಾಗಿ ಹಂಚಿಕೊಳ್ಳುತ್ತವೆ. ಗೊತ್ತಿರುವವರು ಇನ್ನೂ ಇದ್ದಾರೆ. ಇನ್ನು ಇಪ್ಪತ್ತು ವರ್ಷಕ್ಕೆ ಇರುವುದಿಲ್ಲ.

ಸೌಂಡ್ ಡಬ್ಬಿ

ಹಿಂದೆ ಕೂತು ಸೌಂಡ್ ಮಿಕ್ಸರಿನ ಫೇಡರ್ ಎಳೆಯುವವನು ನಾನು. ಎಲ್ಲರೂ ಬೈಯೋದು ನನ್ನನ್ನೇ, ಹಾಗಾಗಿ ಎರಡೂ ಪಕ್ಷದವರನ್ನು ಬೈಯುವ ಹಕ್ಕು ನನಗಿದೆ.

ಪಕ್ಕದವರ ದನಿ ಕೇಳಿಸದಿದ್ದರೆ ಮನುಷ್ಯ ಹಾಡೋದು ನಿಲ್ಲಿಸುತ್ತಾನೆ. ತನ್ನ ದನಿ ಕೇಳಿಸದಿದ್ದರೂ ನಿಲ್ಲಿಸುತ್ತಾನೆ. ಬ್ಯಾಂಡಿನವರು ಕಿವಿಯೊಳಗೆ ಮಾನಿಟರ್ ಹಾಕಿಕೊಂಡಿರುತ್ತಾರೆ, ಸಭೆ ಹಾಡುತ್ತಿದೆಯೋ ಇಲ್ಲವೋ ಅವರಿಗೆ ಗೊತ್ತೇ ಆಗೋದಿಲ್ಲ. ನಾನು ಸಭೆಯ ಕಡೆ ಎರಡು ಮೈಕ್ ತಿರುಗಿಸಿಟ್ಟು ಅದನ್ನು ಅವರ ಕಿವಿಗೆ ಬಿಟ್ಟೆ. ಮೊದಲ ವಾರವೇ ಹಾಡುವ ಹುಡುಗಿ ನನ್ನ ಹತ್ತಿರ ಬಂದು "ಅಣ್ಣಾ, ಯಾರೂ ಹಾಡ್ತಾನೇ ಇಲ್ಲ!" ಅಂದಳು. ಹೌದಮ್ಮ, ಎರಡು ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ.

ಪರದೆ ಇನ್ನೊಂದು ಕಥೆ. ಪುಸ್ತಕದಲ್ಲಿ ಇಡೀ ಗೀತೆ ಒಂದೇ ಪುಟದಲ್ಲಿ ಕಾಣುತ್ತೆ, ಸ್ವರದ ಸಮೇತ. ಎಲ್ಲಿದ್ದೇವೆ, ಇನ್ನೆಷ್ಟಿದೆ ಗೊತ್ತಾಗುತ್ತೆ. ಪರದೆಯಲ್ಲಿ ಎರಡು ಸಾಲು ತೇಲಿ ಬರುತ್ತೆ, ಮುಂದಿನದು ಬರೋಷ್ಟರಲ್ಲಿ ಹಾಡು ಹೋಗಿರುತ್ತೆ. ಒಂದು ಚರಣ ಪೂರ್ತಿ ಒಂದೇ ಸ್ಲೈಡಿನಲ್ಲಿ ಹಾಕಿ. ಕೊನೇ ಪದ ಹಾಡೋಕೆ ಮುಂಚೆ ಸ್ಲೈಡ್ ಬದಲಾಗಬೇಕು. ಆಮೇಲೆ ಅಲ್ಲ. ಬ್ರಿಡ್ಜ್ ಎಷ್ಟು ಸಲ ಅಂತ ದಯವಿಟ್ಟು ಮೊದಲೇ ಹೇಳಿ, ಆತ್ಮದ ಪ್ರೇರಣೆ ಬಂದಾಗ ಆಪರೇಟರ್‌ಗೂ ಒಂದು ಕೈಸನ್ನೆ ಕೊಡಿ.

ನೇರ ಮಾತು

ನನ್ನದು ಬೇರೆ ಅಭಿಪ್ರಾಯ. ಬೆರೆಸೋದೇ ಯಾಕೆ? ಎರಡು ಗೀತೆ, ಎರಡು ಹೊಸ ಹಾಡು ಅಂತ ಲೆಕ್ಕ ಹಾಕಿ ಹಂಚಿದರೆ ಎಲ್ಲರಿಗೂ ಅರ್ಧ ಅರ್ಧ ಅಸಮಾಧಾನ. ಆರ್ಥೊಡಾಕ್ಸ್ ಸಭೆಗಳನ್ನು ನೋಡಿ. ಹೆಚ್ಚಿನ ಕಡೆ ವಾದ್ಯವೇ ಇಲ್ಲ, ನೂರಾರು ವರ್ಷದಿಂದ ಬರೀ ಕಂಠ. ಯಾರನ್ನೂ ಮೆಚ್ಚಿಸೋಕೆ ಹೋಗಿಲ್ಲ, ಉಳಿದುಕೊಂಡಿದ್ದಾರೆ.

ಮತ್ತೆ ಹೊಸ ಹಾಡುಗಳ ಪದಗಳು... ನಾನು, ನನ್ನ, ನನಗೆ. ಅದೇ ಸಾಲು ಹನ್ನೆರಡು ಸಲ. ಹಳೇ ಗೀತೆಯಲ್ಲಿ ನಾಲ್ಕು ಚರಣದಲ್ಲಿ ಸೃಷ್ಟಿಯಿಂದ ಪುನರುತ್ಥಾನದವರೆಗೆ ಹೋಗಿ ಬರುತ್ತೇವೆ.

ಹೊಸ ಚರ್ಮದ ಚೀಲ

ಸರ್, 136ನೇ ಕೀರ್ತನೆ ತೆಗೆದು ನೋಡಿ. 26 ವಚನ, 26ರಲ್ಲೂ ಅದೇ ಮಾತು ಮತ್ತೆ ಮತ್ತೆ. 23ನೇ ಕೀರ್ತನೆಯಲ್ಲಿ ಎಷ್ಟು "ನನ್ನ" ಇದೆ ಎಣಿಸಿ. ಬೈಬಲನ್ನೂ ತಿದ್ದುತ್ತೀರಾ?

ಲೂಥರ್ ವಿಷಯದಲ್ಲಿ ನಾನು ತಪ್ಪು, ಸರಿ. ಆದರೆ ಈ ನಾಲ್ಕು ಕಾರ್ಡಿನ ಹಾಡುಗಳನ್ನು ಕೇಳಿಯೇ ನಾನು ಮತ್ತೆ ಚರ್ಚಿಗೆ ಬಂದವನು. ಹತ್ತೊಂಬತ್ತನೇ ವಯಸ್ಸಿನಲ್ಲಿ ನನಗೆ ನಾಲ್ಕು ಚರಣದ ಸಿದ್ಧಾಂತ ಬೇಕಿರಲಿಲ್ಲ. ಒಂದೇ ಸಾಲು, ಅದು ನಿಜವಾ ಅಂತ ಹನ್ನೆರಡು ಸಲ ಕೇಳಿಕೊಳ್ಳೋಕೆ ಸಮಯ ಬೇಕಿತ್ತು. ಅದನ್ನು ಗೇಲಿ ಮಾಡಿದರೆ ನೋವಾಗುತ್ತೆ.

ಇನ್ನೊಂದೂ ಹೇಳಿಬಿಡುತ್ತೇನೆ. ಕಳೆದ ವರ್ಷ ನಮ್ಮ ಅಜ್ಜಿ ತೀರಿಕೊಂಡರು. ಸಮಾಧಿ ಹತ್ತಿರ ಮೈಕಿಲ್ಲ, ಪರದೆ ಇಲ್ಲ, ಗಿಟಾರ್ ತರೋದು ಯಾರಿಗೂ ಹೊಳೆದಿರಲಿಲ್ಲ. ಅಜ್ಜಿಯ ತಂಗಿ ಮೆಲ್ಲಗೆ ಒಂದು ಗೀತೆ ಎತ್ತಿದರು. ಎಲ್ಲ ಹಿರಿಯರೂ ಸೇರಿಕೊಂಡರು, ನಾಲ್ಕೂ ಚರಣ, ಪುಸ್ತಕ ಇಲ್ಲದೆ. ನಾನು ಆರಾಧನಾ ತಂಡದವನು, ವಾರಕ್ಕೆ ಐದು ಹಾಡು ಹಾಡುವವನು, ಬಾಯಿ ತೆರೆದು ಮುಚ್ಚುತ್ತಾ ನಿಂತಿದ್ದೆ. ನನಗೆ ಒಂದು ಸಾಲೂ ಬರುತ್ತಿರಲಿಲ್ಲ. ಅವತ್ತಿನಿಂದ ಕಲಿಯುತ್ತಿದ್ದೇನೆ. ಬೆರೆಸೋದು ಯಾಕೆ ಅಂತ ಕೇಳಿದಿರಲ್ಲ, ನನಗೆ ಅದಕ್ಕೇ ಬೇಕು.

ನೇರ ಮಾತು

ಬ್ರದರ್, ಗೇಲಿ ಮಾಡುವ ಉದ್ದೇಶ ಇರಲಿಲ್ಲ. 136ರ ವಿಷಯದಲ್ಲಿ ನನ್ನ ಹತ್ತಿರ ಉತ್ತರ ಇಲ್ಲ. ಹನ್ನೆರಡು ಸಲದ್ದು ಮಾತ್ರ ನನಗೆ ಇನ್ನೂ ಕಷ್ಟವೇ.

ಪೆಡಲ್ ಮೇಲಿನ ಕಾಲು

ನಾನು ಆರ್ಗನ್ ನುಡಿಸುವವನು. ನುಡಿಸುತ್ತಿದ್ದವನು ಅನ್ನಬೇಕು. 31 ವರ್ಷ ನುಡಿಸಿದ ಮೇಲೆ "ಮುಂದಿನ ತಿಂಗಳಿಂದ ಬ್ಯಾಂಡ್ ಇರುತ್ತೆ, ನೀವು ವಿಶ್ರಾಂತಿ ತಗೊಳ್ಳಿ" ಅಂತ ಒಂದು ಮೆಸೇಜ್ ಬಂತು. ಅದರಲ್ಲಿ ಕೈ ಮುಗಿಯುವ ಚಿತ್ರವೂ ಇತ್ತು. ಅದಿರಲಿ.

ಬ್ಯಾಂಡ್ ಕ್ಲಿಕ್ (ಕಿವಿಯಲ್ಲಿ ಟಿಕ್ ಟಿಕ್ ಅಂತ ತಾಳ ಕೊಡುವ ಸದ್ದು) ಹಾಕಿಕೊಂಡು ನುಡಿಸುತ್ತೆ. ಕ್ಲಿಕ್ಕಿಗೆ ಉಸಿರಾಟ ಇಲ್ಲ. ಗೀತೆಯ ಪ್ರತಿ ಸಾಲಿನ ಕೊನೆಗೆ ನಾನೂ ಬಾಯಲ್ಲಿ ಹಾಡಿಕೊಂಡು, ಸಭೆಯ ಜೊತೆ ಉಸಿರು ತಗೊಂಡು, ಆ ಉಸಿರಿನಷ್ಟು ಹೊತ್ತು ಕೀಗಳಿಂದ ಕೈ ಎತ್ತುತ್ತಿದ್ದೆ. ಆ ಸಣ್ಣ ಖಾಲಿ ಜಾಗವೇ ಮುಂದಿನ ಸಾಲಿಗೆ ಕರೆಯೋದು. ಜನ ಜಾಸ್ತಿ ಇದ್ದ ದಿನ ಅದು ಸ್ವಲ್ಪ ಉದ್ದ, ಮಳೆಗೆ ನಾಲ್ಕೇ ಜನ ಬಂದ ದಿನ ಗಿಡ್ಡ. ಚರಣ ಮುಗಿದ ಮೇಲೂ ಅಷ್ಟೇ. ಕೊನೇ ಸ್ವರ ಹಿಡಿದು, ಬಿಟ್ಟು, ಒಂದು ಉಸಿರು, ಮುಂದಿನ ಚರಣ. ನಡುವೆ ನಾಲ್ಕು ಬಾರ್ ಗಿಟಾರ್ ಬಂದರೆ ಜನ ಕೂತುಕೊಳ್ಳಲಾ ಅಂತ ಯೋಚಿಸುತ್ತಾರೆ.

ಆರ್ಗನ್ ಮತ್ತು ಬ್ಯಾಂಡ್ ಒಟ್ಟಿಗೆ ನುಡಿಸುವ ಆಸೆ ಇದ್ದರೆ ಒಂದು ಎಚ್ಚರಿಕೆ. ನಿಜವಾದ ಪೈಪ್ ಆರ್ಗನ್ ಆಗಿದ್ದರೆ ಸೆಕೆ, ಚಳಿಗೆ ಅದರ ಶ್ರುತಿ ಸರಿಯುತ್ತೆ. ಗಿಟಾರು, ಕೀಬೋರ್ಡು ಅದಕ್ಕೆ ಹೊಂದಿಕೊಳ್ಳಬೇಕು. ಅದು ನಿಮಗೆ ಹೊಂದಿಕೊಳ್ಳಲ್ಲ. ಪೈಪುಗಳು ದೂರ ಇದ್ದರೆ ಸದ್ದು ಡ್ರಮ್ಮರ್‌ಗೆ ತಡವಾಗಿ ಕೇಳುತ್ತೆ, ಅವನು ಕಾಯುತ್ತಾನೆ, ಹಾಡು ಎಳೆಯುತ್ತೆ. ಡ್ರಮ್ಮರ್ ಆರ್ಗನ್ ಕೇಳಬಾರದು, ಆರ್ಗನ್ ನುಡಿಸುವವನ ತಲೆ ನೋಡಬೇಕು.

ಮಗಳೇ, ನಿನ್ನ ಚರ್ಚಿನ ಆ ಅಂಕಲ್ ಕೈ ಕಟ್ಟಿ ಕೂತಿದ್ದರು ಅಂದೆಯಲ್ಲ. ನೀನು ಅವರನ್ನು ಕೇಳಿದೆಯಾ?

ಬಿಳಿ ಕಪ್ಪು ಕೀ

ಇಲ್ಲ ಅಂಕಲ್. ಕೇಳಿಲ್ಲ. ಹೆದರಿಕೆ. ಅವರಿಗೂ ಯಾರು ಹೇಗೆ ಹೇಳಿದರು ಅಂತ ನನಗೆ ಗೊತ್ತಿಲ್ಲ. ನಾನಂತೂ ಏನೂ ಹೇಳಿರಲಿಲ್ಲ. ಈಗ ಅನ್ನಿಸುತ್ತಿದೆ, ಅದೇ ತಪ್ಪು.

ಇದನ್ನೆಲ್ಲ ಓದಿ ರಾತ್ರಿ ಆ ಮೊಬೈಲ್ ರೆಕಾರ್ಡಿಂಗ್ ಮತ್ತೆ ಹಾಕಿ ಕೇಳಿದೆ. ಚೆನ್ನಾಗೇ ಇದೆ. ಆದರೆ ಸಭೆ ಹಾಡೋಕೆ ಅದರಲ್ಲಿ ಜಾಗವೇ ಇಲ್ಲ. ಎಲ್ಲ ಕಡೆ ನಾವೇ ತುಂಬಿಕೊಂಡಿದ್ದೇವೆ.

ಸೌಂಡ್ ಡಬ್ಬಿ

ಮರೆತೆ, ಒಂದು ಸಣ್ಣ ವಿಷಯ. ಹಳೇ ಗೀತೆಗೆ ಹಕ್ಕುಸ್ವಾಮ್ಯ ಮುಗಿದಿರುತ್ತೆ, ಆದರೆ ಅದಕ್ಕೆ ಈಗ ಸೇರಿಸಿದ ಬ್ರಿಡ್ಜ್, ಹೊಸ ಅರೇಂಜ್‌ಮೆಂಟ್, ಹೊಸ ಅನುವಾದ ಇವಕ್ಕೆ ಇರುತ್ತೆ. ಪರದೆಗೆ ಹಾಕೋಕೆ, ಆನ್‌ಲೈನ್ ಬಿಡೋಕೆ ಬೇರೆ ಬೇರೆ ಲೈಸೆನ್ಸ್ ಬೇಕಾಗಬಹುದು. ಗೀತೆ ಹಳೆಯದು ಅಂತ ಸುಮ್ನೆ ಹಾಕಿಬಿಡಬೇಡಿ.

ಬಿಳಿ ಕಪ್ಪು ಕೀ

ಮೂರು ವಾರ ಆಯಿತು. ಏನಾಯಿತು ಅಂತ ಹೇಳೋಕೆ ಬಂದೆ.

ಅಂಕಲ್ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಸಾರಿ ಕೇಳಿದೆ. ಅವರು ಒಳಗೆ ಕರೆದು, ಗೀತೆ ಪುಸ್ತಕ ತಂದು, ಒಂದೂ ಮಾತಾಡದೆ ಪೆನ್ಸಿಲಿನಲ್ಲಿ ಉಸಿರಿನ ಗುರುತುಗಳನ್ನು ಹಾಕಿಕೊಟ್ಟರು. ಪ್ರತಿ ಸಾಲಿಗೂ ಒಂದು ಸಣ್ಣ ಅಲ್ಪವಿರಾಮ. ಆಮೇಲೆ ಕೇಳಿದರು, "ಯಾವ ಶ್ರುತಿ ಇಡ್ತೀಯ?" ಪುಸ್ತಕದಲ್ಲಿದ್ದದ್ದು ಇ ಫ್ಲಾಟ್. ಅರ್ಧ ಸ್ವರ ಇಳಿಸಿ ಡಿ ಅಂತ ಮಾಡಿದೆವು. ನಮ್ಮದು ಎಲೆಕ್ಟ್ರಾನಿಕ್ ಆರ್ಗನ್, ಒಂದು ಬಟನ್ ಸಾಕು.

ಮೂರು ಬೀಟ್ ಹಾಗೇ ಉಳಿಸಿದೆವು. ಅವರು ಕೊನೇ ಸಾಲು ನುಡಿಸಿ ನಿಲ್ಲಿಸಿದರು. ಇಡೀ ಸಭೆ ಉಸಿರು ಎಳೆದುಕೊಂಡಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕ್ಲಿಕ್ ಇರಲಿಲ್ಲ, ಬೇಸ್ ಕೆಳಗಿನ ಸಾಲು, ಡ್ರಮ್ಮರ್ ಬ್ರಷ್. ಮೂರನೇ ಚರಣಕ್ಕೆ ಎಲ್ಲರೂ ಕೈ ತೆಗೆದೆವು. ಆಲ್ಟೋ ಅಕ್ಕಾ, ನೀವು ಹೇಳಿದ್ದು ನಿಜ. ಎಲ್ಲಿಂದಲೋ ಬೇಸ್ ದನಿಗಳು ಬಂದವು. ನಮ್ಮ ಡ್ರಮ್ಮರ್ ಯಾರು ಹಾಡ್ತಿರೋದು ಅಂತ ಕತ್ತು ಎತ್ತಿ ನೋಡುತ್ತಾ, ಆ ಗುಂಗಿನಲ್ಲಿ ನಾಲ್ಕನೇ ಚರಣಕ್ಕೆ ಒಂದು ಬಾರ್ ಮುಂಚೆ ಬಂದುಬಿಟ್ಟ. ಸ್ಲೈಡಿನವನು ಮೂರಕ್ಕೆ ನಾಲ್ಕು ಹಾಕಿದ್ದ. ಯಾರೂ ಪರದೆ ನೋಡುತ್ತಿರಲಿಲ್ಲ, ಹಾಗಾಗಿ ಬಚಾವ್.

ಅಜ್ಜಿಯ ಪುಸ್ತಕ ತೆರೆದೇ ಇತ್ತು, ಅವರು ಅದನ್ನು ನೋಡುತ್ತಿರಲಿಲ್ಲ ಅಷ್ಟೇ.

ಎಲ್ಲ ಸರಿಹೋಗಿದೆ ಅಂತ ಹೇಳೋಕೆ ಬರಲ್ಲ. ನಮ್ಮ ಹುಡುಗರಲ್ಲಿ ಇಬ್ಬರು "ಬೋರ್ ಆಯ್ತು" ಅಂದರು. ಒಂದು ಕುಟುಂಬ ಬೇರೆ ಚರ್ಚಿಗೆ ಹೋಗುತ್ತಿದೆ, ಅವರಿಗೆ ಡ್ರಮ್ಸ್ ಅಲ್ಲಿ ಇರೋದೇ ಸಹಿಸೋಕೆ ಆಗಲ್ಲ. ಹೊಸ ಹಾಡನ್ನು ಈಗ ಎರಡು ವಾರ ಮುಂಚೆ ಕಾಣಿಕೆಯ ಹೊತ್ತಿನಲ್ಲಿ ಬರೀ ವಾದ್ಯದಲ್ಲಿ ಕೇಳಿಸಿ, ಆಮೇಲೆ ಹಾಡಿಸುತ್ತಿದ್ದೇವೆ. ಅಂಕಲ್ ಅದಕ್ಕೂ ಆರ್ಗನ್ ನುಡಿಸಿದರು. ಬ್ರಿಡ್ಜ್ ನಾಲ್ಕನೇ ಸಲ ಬಂದಾಗ ನನ್ನ ಕಡೆ ತಿರುಗಿ "ಇನ್ನೂ ಇದೆಯಾ?" ಅಂತ ಮೈಕಿಗೆ ಕೇಳಿಸೋ ಹಾಗೆ ಕೇಳಿದರು.

ಪೆಡಲ್ ಮೇಲಿನ ಕಾಲು

😂 ಅವರ ನಂಬರ್ ಇದ್ದರೆ ನನ್ನ ನಮಸ್ಕಾರ ಹೇಳು ಮಗಳೇ.

ಕೊನೇ ಬೆಂಚು

ಒಂದು ಕೇಳಬೇಕು ತಂಗೀ. ಕಾಣಿಕೆಯ ಹೊತ್ತಿನಲ್ಲಿ ಹೊಸ ರಾಗ ಕೇಳಿಸುವ ಉಪಾಯ ನಮ್ಮ ತಂಡಕ್ಕೆ ಹೇಳಿದೆ, ಅವರು ಒಪ್ಪಿದ್ದಾರೆ. ಬದಲಿಗೆ ನನಗೊಂದು ಕೆಲಸ ಕೊಟ್ಟರು. ಹೊಸ ಹಾಡನ್ನು ಮುಂಚೆ ಕಲಿತು ಹಿರಿಯರ ಸಾಲಿನಲ್ಲಿ ಕೂತು ಜೋರಾಗಿ ಹಾಡಬೇಕಂತೆ. ಈಗ ಮೊಬೈಲಿನಲ್ಲಿ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಎರಡನೇ ಕೋರಸ್ ಆದ ಮೇಲೆ ಎಷ್ಟು ಬಾರ್ ಕಾಯಬೇಕು?

ನಾಲ್ಕು ತಂತಿ

ಅಂಕಲ್, ಯಾವ ಹಾಡು ಅಂತ ಹೇಳಿ, ಎಣಿಸಿ ಹೇಳುತ್ತೇನೆ. ಸಾಮಾನ್ಯವಾಗಿ ನಾಲ್ಕು. ಬೇಸ್ ಕೇಳ್ತಾ ಇರಿ, ಅದು ಮೇಲಿಂದ ಇಳಿದು ಬಂದ ಕೂಡಲೇ ಶುರು ಮಾಡಿ.